ಐದು ಅಂಗುಲದ ತೆರೆಯ ಮೇಲೆ ಟೆನಿಸ್

ವಿಜ್ಞಾನ ಪ್ರದರ್ಶನಕ್ಕೆ ಹೋಗಿ ಬಂದವರನ್ನು ‘ಏನು ನೋಡಿದಿರಿ?’ ಎಂದು ಕೇಳಿದರೆ, ‘ಪೆಟ್ಟಿಗೆಗಳನ್ನು ನೋಡಿದೆವು’ ಎಂಬ ಉತ್ತರ ಬರುವುದುಂಟು. ಗಾಜಿನ ಹಿಂದಿರುವ ಉಪಕರಣ ಎಷ್ಟೇ ಬೆಲೆಬಾಳುವುದಾಗಿರಲಿ, ಅದನ್ನು ಮುಟ್ಟುವಂತಿಲ್ಲ, ತಿರುಗಿಸುವಂತಿಲ್ಲ. ಪಕ್ಕದಲ್ಲಿ ತೂಗುಹಾಕಿದ ವಿವರಣೆಯನ್ನು ಓದುವ ತಾಳ್ಮೆ ಯಾರಿಗಿದೆ? ಅಮೆರಿಕದ ಲಾಂಗ್ ಐಲೆಂಡಿನಲ್ಲಿರುವ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯವು ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತಿದ್ದ ದಿನಗಳಲ್ಲಿಯೂ ಇದೇ ಪರಿಸ್ಥಿತಿ. ಅಲ್ಲಿನ ಉಪಕರಣ ವಿಭಾಗದ ಮುಖ್ಯಸ್ಥರಾಗಿದ್ದ ವಿಲಿಯಂ ಹಿಗಿನ್‌ಬಾಥಂ ಎಂಬ ಭೌತವಿಜ್ಞಾನಿ ಬಿಡುವಿನಲ್ಲಿ ಅಕಾರ್ಡಿಯನ್ ನುಡಿಸುವ, ಆಟವೆಂದರೆ ಇಷ್ಟಪಡುವ ಮನುಷ್ಯ. ಜನ ಕೈಯಿಟ್ಟು ಆಡಬಹುದಾದ ವಸ್ತುವೊಂದಿದ್ದರೆ ಪ್ರದರ್ಶನಕ್ಕೆ ಜೀವ ಬಂದೀತೆಂದು ಅವರಿಗೆ ತೋರಿತು. 1958ರ ಅಕ್ಟೋಬರಿನಲ್ಲಿ ಬಂದ ಜನ ಮಿಕ್ಕ ಪೆಟ್ಟಿಗೆಗಳನ್ನು ಬಿಟ್ಟು ಒಂದು ಮೇಜಿನ ಮುಂದೆ ಸಾಲುಗಟ್ಟಿ ನಿಂತರು. ಇಂದು ‘ಟೆನಿಸ್ ಫಾರ್ ಟೂ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಆಟ ಅದು.

ಅಲ್ಲಿ ಇದ್ದುದಾದರೂ ಏನು? ಐದು ಅಂಗುಲ ಅಗಲದ ಒಂದು ಆಸಿಲೊಸ್ಕೋಪು. ಅದರ ದುಂಡು ತೆರೆಯ ಮೇಲೆ ಅಂಗಳವನ್ನು ಸೂಚಿಸುವ ಅಡ್ಡಗೆರೆ, ನಡುವೆ ಬಲೆಯನ್ನು ಸೂಚಿಸುವ ಗಿಡ್ಡಗೆರೆ, ಅತ್ತಿತ್ತ ಹಾರುವ ಒಂದು ಹೊಳೆಯುವ ಚುಕ್ಕೆ. ಆಟಗಾರನ ಕೈಯಲ್ಲಿ ಒಂದು ತಿರುಗುಗುಂಡಿ, ಒಂದು ಒತ್ತುಗುಂಡಿ. ತಿರುಗಿಸಿದರೆ ಚೆಂಡು ಹೊರಡುವ ಕೋನ ಬದಲಾಗುತ್ತದೆ. ಒತ್ತಿದರೆ ಚೆಂಡಿಗೆ ಏಟು ಬೀಳುತ್ತದೆ. ಬ್ಯಾಟು ಕಾಣಿಸದು, ಅಂಕಗಳ ಲೆಕ್ಕವೂ ಇಲ್ಲ. ಚೆಂಡು ಬಲೆಗೆ ತಗುಲಿದರೆ ಹಿಂದಕ್ಕೆ ಬರುತ್ತದೆ, ನೆಲಕ್ಕೆ ಬಿದ್ದರೆ ಪುಟಿಯುತ್ತದೆ, ಅಷ್ಟೆ.

ಇದರ ಒಡಲಲ್ಲಿದ್ದುದು ವಾಲ್ವುಗಳಿಂದ ನಡೆಯುವ ‘ಡಾನರ್’ ಎಂಬ ಸಾದೃಶ್ಯ ಗಣಕ. ಇಂದಿನ ಕಂಪ್ಯೂಟರು ಅಂಕಿಗಳನ್ನು ಕೂಡಿ ಕಳೆದು ಉತ್ತರ ಪಡೆಯುತ್ತದೆ. ಸಾದೃಶ್ಯ ಗಣಕದಲ್ಲಾದರೋ ಅಂಕಿಗಳೇ ಇಲ್ಲ. ಒಂದೊಂದು ಭೌತ ಪರಿಮಾಣಕ್ಕೂ ಒಂದೊಂದು ವೋಲ್ಟೇಜು ಪ್ರತಿನಿಧಿ. ಆ ಯಂತ್ರದ ಜೊತೆಗೆ ಬಂದ ಕೈಪಿಡಿಯಲ್ಲಿ ಬಂದೂಕದ ಗುಂಡಿನ ಪಥ, ಕ್ಷಿಪಣಿಯ ಪಥ, ಪುಟಿಯುವ ಚೆಂಡಿನ ಪಥ, ಇವನ್ನು ಬರೆಯಿಸುವ ಬಗೆಯನ್ನು ವಿವರಿಸಿತ್ತು. ಹಿಗಿನ್‌ಬಾಥಂ ಆರಿಸಿಕೊಂಡದ್ದು ಚೆಂಡನ್ನು.

ಈ ಗಣಕದ ಗುಟ್ಟು ಧಾರಕದಲ್ಲಿ, ಅಂದರೆ ಕೆಪಾಸಿಟರಿನಲ್ಲಿ ಅಡಗಿದೆ. ಧಾರಕಕ್ಕೆ ಸ್ಥಿರವಾದ ವಿದ್ಯುತ್ ಪ್ರವಾಹವನ್ನು ಹರಿಸಿದರೆ ಅದರ ವೋಲ್ಟೇಜು ಕಾಲಕ್ಕೆ ಅನುಪಾತವಾಗಿ ಏರುತ್ತದೆ. ನಲ್ಲಿಯ ಕೆಳಗಿಟ್ಟ ಕೊಡದಲ್ಲಿ ನೀರಿನ ಮಟ್ಟ ಏರುವಂತೆ ಇದು. ಗಣಿತದ ಮಾತಿನಲ್ಲಿ ಹೇಳುವುದಾದರೆ ಇದು ಅನುಕಲನ. ಈಗ ಗುರುತ್ವದ ವೇಗೋತ್ಕರ್ಷವನ್ನು ಒಂದು ಸ್ಥಿರ ವೋಲ್ಟೇಜಿನಿಂದ ಸೂಚಿಸಿ, ಆಂಪ್ಲಿಫಯರು ಧಾರಕಗಳ ಒಂದು ಮಂಡಲಕ್ಕೆ ಕೊಡೋಣ, ಹೊರಬರುವುದು ವೇಗ. ಆ ವೇಗವನ್ನು ಅಂಥದೇ ಇನ್ನೊಂದು ಮಂಡಲಕ್ಕೆ ಕೊಡೋಣ; ಹೊರಬರುವುದು ಎತ್ತರ. ಅದನ್ನು ಆಸಿಲೊಸ್ಕೋಪಿನ ಲಂಬ ಫಲಕಗಳಿಗೂ, ಸಮತಲ ದಿಕ್ಕಿನ ಸ್ಥಾನವನ್ನು ಅಡ್ಡ ಫಲಕಗಳಿಗೂ ಜೋಡಿಸಿದರೆ ಚುಕ್ಕೆ ತಾನಾಗಿ ಪರವಲಯವನ್ನು ಬರೆಯುತ್ತದೆ. ವೇಗದ ಧಾರಕಕ್ಕೆ ಅಡ್ಡಲಾಗಿ ಒಂದು ರೋಧವನ್ನು ಸೇರಿಸಿದರೆ ವೇಗ ಮೆಲ್ಲಮೆಲ್ಲನೆ ಸೋರಿಹೋಗುತ್ತದೆ. ಅದೇ ಗಾಳಿಯ ತಡೆ! ಚೆಂಡು ನೆಲವನ್ನು ಮುಟ್ಟಿದ ಕ್ಷಣದಲ್ಲಿ ರಿಲೇ ಒಂದು ಲಂಬವೇಗದ ಚಿಹ್ನೆಯನ್ನು ತಿರುವುಮುರುವು ಮಾಡುತ್ತದೆ, ಪುಟಿತ ಉಂಟಾಗುತ್ತದೆ.

ಒಂದೇ ಎಲೆಕ್ಟ್ರಾನು ಕಿರಣ ನೆಲ, ಬಲೆ, ಚೆಂಡು ಮೂರನ್ನೂ ತೋರಿಸುವುದು ಹೇಗೆಂದು ಓದುಗರು ಕೇಳಬಹುದು. ಸೆಕೆಂಡಿಗೆ 36 ಸಲ, ಒಂದಾದಮೇಲೊಂದರಂತೆ ಮೂರನ್ನೂ ಬರೆದರೆ ನಮ್ಮ ಕಣ್ಣು ಮೂರನ್ನೂ ಒಟ್ಟಿಗೆ ಕಂಡಂತೆ ಭಾವಿಸುತ್ತದೆ. ಅಷ್ಟು ಬೇಗನೆ ಬದಲಾಯಿಸುವ ಕೆಲಸಕ್ಕೆ ಆಗಿನ್ನೂ ಹೊಸದಾಗಿದ್ದ ಟ್ರಾನ್ಸಿಸ್ಟರುಗಳನ್ನು ಬಳಸಿದರು. ಯೋಚನೆಗೆ ಹಿಡಿದದ್ದು ಕೆಲವು ಗಂಟೆ. ತಂತ್ರಜ್ಞ ರಾಬರ್ಟ್ ಡ್ವೊರಾಕ್ ಅದನ್ನು ಕಟ್ಟಿ ಮುಗಿಸಲು ಹಿಡಿದದ್ದು ಸುಮಾರು ಎರಡು ವಾರ.

ಮರುವರ್ಷ, 1959ರಲ್ಲಿ, ತೆರೆ ದೊಡ್ಡದಾಯಿತು. ಅದಕ್ಕಿಂತ ಸ್ವಾರಸ್ಯವಾದ ಮಾತೆಂದರೆ ಚಂದ್ರನಲ್ಲಿಯೂ ಗುರುಗ್ರಹದಲ್ಲಿಯೂ ಟೆನಿಸ್ ಆಡುವ ಸೌಕರ್ಯ ಒದಗಿತು. ಗುರುತ್ವವನ್ನು ಸೂಚಿಸುವ ಆ ಒಂದು ವೋಲ್ಟೇಜನ್ನು ಬದಲಿಸಿದರೆ ಸಾಕು. ಎರಡು ಮೀಟರು ಎತ್ತರದಿಂದ ಬಿಟ್ಟ ಚೆಂಡು ಗಾಳಿಯ ತಡೆಯಿಲ್ಲದೆ ಭೂಮಿಯಲ್ಲಿ 0.64 ಸೆಕೆಂಡಿಗೆ ನೆಲ ಮುಟ್ಟುತ್ತದೆ. ಚಂದ್ರನಲ್ಲಿ ಅದಕ್ಕೆ 1.57 ಸೆಕೆಂಡು ಬೇಕು. ಗುರುವಿನ ಗುರುತ್ವದಲ್ಲಿ 0.40 ಸೆಕೆಂಡು ಸಾಕು. ಕಣ್ಣು ಕಂಡು ಕೈ ಅಲುಗುವ ಹೊತ್ತಿಗೇ ಮನುಷ್ಯನಿಗೆ ಸುಮಾರು 0.2 ಸೆಕೆಂಡು ಕಳೆದಿರುತ್ತದೆಂಬುದನ್ನು ನೆನೆದರೆ ಗುರುಗ್ರಹದ ಆಟಗಾರನ ಪಾಡು ತಿಳಿದೀತು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಹತ್ತು ವರ್ಷ ಮುಂಚೆಯೇ ಲಾಂಗ್ ಐಲೆಂಡಿನ ಶಾಲಾ ಬಾಲಕರು ಚಂದ್ರನ ಗುರುತ್ವವನ್ನು ಬೆರಳಿನಿಂದ ಅರಿತಿದ್ದರು.

ಪ್ರದರ್ಶನ ಮುಗಿಯಿತು. ಗಣಕಕ್ಕೂ ಆಸಿಲೊಸ್ಕೋಪಿಗೂ ಬೇರೆ ಕೆಲಸವಿತ್ತು, ಆಟವನ್ನು ಬಿಚ್ಚಿಹಾಕಿದರು. ಹಿಗಿನ್‌ಬಾಥಂ ಇಪ್ಪತ್ತಕ್ಕೂ ಹೆಚ್ಚು ಪೇಟೆಂಟುಗಳನ್ನು ಪಡೆದವರು, ಇದಕ್ಕೆ ಪಡೆಯಲಿಲ್ಲ. ಪಡೆದಿದ್ದರೂ ಅದು ಸರ್ಕಾರದ ಸ್ವತ್ತಾಗುತ್ತಿತ್ತು. ಕೈಪಿಡಿಯಲ್ಲಿದ್ದುದಕ್ಕಿಂತ ಹೆಚ್ಚಿನದೇನನ್ನೂ ತಾವು ಮಾಡಲಿಲ್ಲವೆಂಬುದು ಅವರ ಎಣಿಕೆ. 1972ರಲ್ಲಿ ‘ಒಡಿಸ್ಸಿ’ ಮತ್ತು ‘ಪಾಂಗ್’ ಆಟಗಳು ಮಾರುಕಟ್ಟೆಗೆ ಬಂದು, ಅವುಗಳ ಪೇಟೆಂಟಿನ ವ್ಯಾಜ್ಯಗಳು ಹುಟ್ಟಿಕೊಂಡಾಗ ವಕೀಲರು ಈ ಮರೆತ ಆಟವನ್ನು ಹುಡುಕಿಕೊಂಡು ಬಂದರು. ಇದೇ ಮೊಟ್ಟಮೊದಲ ವಿಡಿಯೋ ಆಟವೆಂದು ಹಲವರು ಬರೆಯುತ್ತಾರೆ. ಅದು ಚರ್ಚೆಗೆ ಬಿಟ್ಟ ಮಾತು. ಕೇಂಬ್ರಿಜ್ಜಿನ ಎಡ್ಸ್ಯಾಕ್ ಗಣಕದಲ್ಲಿ 1952ರಲ್ಲಿಯೇ ಸೊನ್ನೆ-ಕತ್ತರಿ ಆಟ ನಡೆದಿತ್ತು.

ಹೆಸರು ಬಂದಿತು. ಆದರೆ ಹೆಸರಾದವರಿಗೆ ಅದರಿಂದ ಹೆಚ್ಚಿನ ಸಂತೋಷವಾಗಲಿಲ್ಲ. ಅದಕ್ಕೆ ಕಾರಣವುಂಟು. ಎರಡನೆಯ ಮಹಾಯುದ್ಧದಲ್ಲಿ ಅವರು ಮೊದಲು ರಾಡಾರಿನ ತೆರೆಗಳಿಗಾಗಿ ದುಡಿದು, ಬಳಿಕ ಲಾಸ್ ಅಲಾಮೋಸಿಗೆ ಹೋಗಿ, ಅಲ್ಲಿ ಎಲೆಕ್ಟ್ರಾನಿಕ್ಸ್ ತಂಡದ ಮುಖ್ಯಸ್ಥರಾದರು. ಪರಮಾಣು ಬಾಂಬಿನ ಕ್ಷಣಗಣನೆಯ ವಿದ್ಯುನ್ಮಂಡಲಗಳನ್ನು ರೂಪಿಸಿದ ಕೈಗಳಲ್ಲಿ ಅವರದೂ ಒಂದು. ಹಿರೋಶಿಮ, ನಾಗಸಾಕಿಗಳ ಬಳಿಕ ಅವರು ಸುಮ್ಮನೆ ಪ್ರಯೋಗಶಾಲೆಗೆ ಮರಳಲಿಲ್ಲ. ಅಮೆರಿಕದ ವಿಜ್ಞಾನಿಗಳ ಒಕ್ಕೂಟದ ಮೊದಲ ಅಧ್ಯಕ್ಷರಾಗಿ ವಾಷಿಂಗ್ಟನ್ನಿಗೆ ಹೋದರು. ಅಣುಶಕ್ತಿಯು ಸೈನ್ಯದ ಕೈಯಲ್ಲಿರದೆ ನಾಗರಿಕ ಆಡಳಿತದ ಕೈಯಲ್ಲಿರಬೇಕೆಂದು ವಿಜ್ಞಾನಿಗಳು ಅಲ್ಲಿ ವಾದಿಸಿದರು. 1946ರ ಅಣುಶಕ್ತಿ ಕಾಯಿದೆ ಅದನ್ನು ಒಪ್ಪಿತು. ಅಣ್ವಸ್ತ್ರಗಳು ಹರಡದಂತೆ ತಡೆಯುವ ಕೆಲಸ ಜೀವನದ ಕೊನೆಯವರೆಗೂ ಅವರದಾಯಿತು. ತಮ್ಮನ್ನು ಜನ ನೆನೆಯುವುದಾದರೆ ಆ ಕೆಲಸಕ್ಕಾಗಿ ನೆನೆಯಲಿ ಎಂಬುದು ಅವರ ಬಯಕೆ. ಆಟ ಕೇವಲ ಒಂದು ವಿನೋದ.

ಎರಡರಲ್ಲಿ ಯಾವುದು ಹಿರಿದೆಂಬ ವಿಷಯದಲ್ಲಿ ಅವರ ತೀರ್ಮಾನವನ್ನು ನಾವು ಒಪ್ಪುತ್ತೇವೆ. ಆಟವನ್ನು ಅಷ್ಟು ಹಗುರವಾಗಿ ಕಂಡುದನ್ನು ಮಾತ್ರ ಒಪ್ಪಲಾರೆವು. ಕ್ಷಿಪಣಿಗೂ ಚೆಂಡಿಗೂ ಸಮೀಕರಣ ಒಂದೇ. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಉರುಹೊಡೆಯುವುದೂ ಅದನ್ನೇ. ಕಾಲೇಜಿನಲ್ಲಿ ಆಸಿಲೊಸ್ಕೋಪಿನ ಮುಂದೆ ನಿಂತ ಹುಡುಗ ತರಂಗದ ಎತ್ತರವನ್ನು ಅಳೆದು, ದಾಖಲೆ ಪುಸ್ತಕಕ್ಕೆ ಸಹಿ ಪಡೆದು ಹೊರಟುಬಿಡುತ್ತಾನೆ. ಪದವಿ ತರಗತಿಯ ಪ್ರಯೋಗಶಾಲೆಗಳಲ್ಲಿ ದೊರೆಯುವ 741 ಎಂಬ ಪುಟ್ಟ ಆಂಪ್ಲಿಫಯರು ಬಿಲ್ಲೆ ನಾಲ್ಕು, ಕೆಲವು ಧಾರಕಗಳು, ರೋಧಗಳು ಇದ್ದರೆ ಆ ತೆರೆಯ ಮೇಲೆಯೇ ಚೆಂಡನ್ನು ಹಾರಿಸಬಹುದು. ಪುಟಿಸಲು ಇನ್ನೊಂದಿಷ್ಟು ಶ್ರಮ ಬೇಕು.

ಬ್ರೂಕ್‌ಹೇವನ್ನಿನಲ್ಲಿ 1997ರಲ್ಲಿ, ಪ್ರಯೋಗಾಲಯದ ಐವತ್ತನೆಯ ವರ್ಷದ ಉತ್ಸವಕ್ಕಾಗಿ, ಹಳೆಯ ಆಟವನ್ನು ಮತ್ತೆ ಕಟ್ಟಿದರು. ಹಿಗಿನ್‌ಬಾಥಂ ಆ ವೇಳೆಗೆ ತೀರಿಕೊಂಡು ಮೂರು ವರ್ಷವಾಗಿತ್ತು.