ಜುಲೈನಲ್ಲಿ ಶ್ರೀಲಂಕಾ

ಪ್ರಶ್ನೆ: ಜುಲೈನಲ್ಲಿ ಶ್ರೀಲಂಕಾಕ್ಕೆ ಹೋದರೆ ಮಳೆಯಲ್ಲೇ ಕಳೆಯಬೇಕೇ?

ಉತ್ತರ: ಯಾವ ಕರಾವಳಿಗೆ ಹೋಗುತ್ತೀರಿ ಹೇಳಿ! ಮೇಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು ಕೊಲಂಬೊ, ಗಾಲೆ ಕಡೆಯನ್ನು ತೋಯಿಸುತ್ತದೆ. ದ್ವೀಪದ ನಡುವಿನ ಬೆಟ್ಟಗಳು ನಮ್ಮ ಸಹ್ಯಾದ್ರಿಯಂತೆಯೇ ಮೋಡಗಳನ್ನು ತಡೆಯುವುದರಿಂದ ಪೂರ್ವದ ಟ್ರಿಂಕೋಮಲಿಯಲ್ಲಿ ಆಗ ಬಿಸಿಲು, ಶಾಂತ ಕಡಲು. ಡಿಸೆಂಬರ್ ಹೊತ್ತಿಗೆ ಲೆಕ್ಕ ತಿರುವುಮುರುವು. ಹಾಗಾಗಿ ಜುಲೈಗೆ ಪೂರ್ವವೇ ಸರಿ.

ಸುಮಾರು 1,870 ಮೀಟರ್ ಎತ್ತರದ ನುವರ ಎಲಿಯಕ್ಕೂ ಹೋಗುವುದಾದರೆ ಸ್ವೆಟರ್ ಇರಲಿ; ಉಷ್ಣವಲಯವೆಂದು ನಂಬಿ ಬರಿಗೈಲಿ ಹೋದವರು ರಾತ್ರಿ ನಡುಗುತ್ತಾರೆ. ದೇಗುಲಗಳಿಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಲೇಬೇಡಿ, ಅಲ್ಲಿ ಅದು ಅಪಚಾರ. ಹುಣ್ಣಿಮೆಯ ಪೋಯ ದಿನ ಮದ್ಯ ಮಾರುವುದಿಲ್ಲ (ನಿಮಗದು ಬೇಡವಾದರೆ ಚಿಂತೆಯಿಲ್ಲ).