ಕಲ್ಪನೆಯ ನಾಡಿಗೆ ಕಲ್ಯದ ಕಲ್ಲು

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಮಾತಿನಲ್ಲೇ ಸಾಹಸಕಥೆಯನ್ನು ಹೆಣೆಯುವ ಆಟವೊಂದುಂಟು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ಬಗೆಯ ಆಟಗಳಿಗೆ ಮೊದಲ ಮೇಲ್ಪಂಕ್ತಿ. ಇದಕ್ಕೊಂದು ಕಲ್ಪಿತ ನಾಡು ಬೇಕು. ಹಿಮದ ಕೋಟೆಯನ್ನೂ ಬೆಂಕಿಯುಗುಳುವ ಸರ್ಪವನ್ನೂ ಎರವಲು ತಂದರೆ ನಾಡೇನೋ ಸಿದ್ಧವಾದೀತು. ಅದಕ್ಕೆ ಉಸಿರು ಬರುವುದೆಂತು?

ಮಾಗಡಿಯ ಬಳಿಯ ಕಲ್ಯವನ್ನು ನೋಡಿ. ಒಂದು ಕಾಲಕ್ಕೆ ಜೈನರ ನೆಲೆಯಾಗಿದ್ದ ಊರಿದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದಾಗ, 1368ರಲ್ಲಿ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಸಂಧಾನ ಮಾಡಿಸಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕವೆಂಬುದು ತೀರ್ಪು. ಆ ಶಾಸನವನ್ನು ಶ್ರವಣಬೆಳಗೊಳದಲ್ಲಿ ಕೆತ್ತಿಸಿದಂತೆ ಕಲ್ಯದಲ್ಲಿಯೂ ಕೆತ್ತಿಸಿದರು.

ಈಗ ಇಂಥದೇ ಊರೊಂದನ್ನು ಆಟದಲ್ಲಿ ಕಲ್ಪಿಸಿಕೊಳ್ಳಿ. ಮುಸ್ಸಂಜೆ, ಬಂಡೆಯ ಮೇಲೊಂದು ಬಸದಿ, ದೂರದಲ್ಲಿ ಭೇರಿಯ ಸದ್ದು. ಬಾರಿಸಿದವರಾರು? ಅವರಿಗೆ ಆ ಹಕ್ಕುಂಟೆ? ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ರಾಕ್ಷಸನ ಹಂಗಿಲ್ಲದೆಯೇ ಮೈ ನವಿರೇಳುವುದಿಲ್ಲವೆ?

ಸ್ವೋಪಜ್ಞತೆಯೆಂದರೆ ಕಂಡರಿಯದ ಪ್ರಾಣಿಗೆ ಮತ್ತೊಂದು ತಲೆ ಅಂಟಿಸುವುದಲ್ಲ. ಅಲ್ಲಿಯ ಜನ ಯಾವುದನ್ನು ಕಳೆದುಕೊಳ್ಳಲು ಅಂಜುವರೆಂಬುದನ್ನು ಅರಿಯುವುದು. ಅದನ್ನರಿತವನ ನಾಡಿನಲ್ಲಿ ಕಲ್ಲೂ ಮಾತಾಡೀತು.