ದಾಖಲೆಯ ಮನೆಗೆ ಎಷ್ಟು ಬಾಗಿಲು?

ನಮ್ಮ ಶಾಲೆಯ ದಾಖಲೆ ಪುಸ್ತಕಗಳು ಈಗ ಕಪಾಟಿನಲ್ಲಿಲ್ಲ. ಕಚೇರಿಯ ಮೂಲೆಯ ಒಂದು ಕಂಪ್ಯೂಟರಿನಲ್ಲಿವೆ. ಹೆಣ್ಣುಮಕ್ಕಳ ಹೆಸರು, ಮನೆಯ ವಿಳಾಸ, ಪೋಷಕರ ಫೋನ್ ಸಂಖ್ಯೆ, ಅಂಕಗಳು, ಇವೆಲ್ಲವನ್ನೂ ಕಾಯ್ದಿಟ್ಟು ಕೇಳಿದಾಗ ಒದಗಿಸುವ ಈ ಏರ್ಪಾಟಿಗೆ ಡೇಟಾಬೇಸ್ ಸರ್ವರ್ ಎಂದು ಹೆಸರು. ಅದಕ್ಕೆ ವಿಳಾಸಗಳನ್ನು ಗೊತ್ತುಮಾಡುವ ಬಗೆಯನ್ನು ಪೋಷಕರೂ ಅರಿತಿರುವುದು ಯುಕ್ತವೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಶಾಲೆಯ ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ನಾಲ್ಕು ಸಂಖ್ಯೆಗಳ ವಿಳಾಸವುಂಟು. ಒಂದೊಂದೂ 0ಯಿಂದ 255ರೊಳಗಿನದು. 127.0.0.1 ಎಂಬುದು ಯಂತ್ರವು ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. 192.168 ಎಂದು ಮೊದಲಾಗುವವು ಒಳಜಾಲಗಳಿಗೆ ಮೀಸಲಾದವು.

ನಾವು ಬಳಸುವ ತಂತ್ರಾಂಶವು ಪೋಸ್ಟ್‌ಗ್ರೆಸ್. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಕೆಲಸದ ಫಲವಿದು. ಅದರ ಮೂಲ ಏರ್ಪಾಟಿನಂತೆ ಸರ್ವರು ತನ್ನ ಯಂತ್ರದೊಳಗಿನ ಕರೆಗೆ ಮಾತ್ರ, 5432ನೆಯ ಪೋರ್ಟಿನಲ್ಲಿ ಕಿವಿಗೊಡುತ್ತದೆ. ಪಕ್ಕದ ಕೊಠಡಿಯ ಗುಮಾಸ್ತೆಗೂ ಓಗೊಡದು.

ಇಲ್ಲಿ ನಾವೊಂದು ತಪ್ಪು ಮಾಡಿದೆವು, ಮುಚ್ಚಿಡುವುದು ಸರಿಯಲ್ಲ. 'ಲಿಸನ್ ಅಡ್ರೆಸಸ್' ಎಂಬ ಸಾಲಿನಲ್ಲಿ ಗುಮಾಸ್ತೆಯ ಯಂತ್ರದ ವಿಳಾಸವೊಂದನ್ನೇ ಬರೆದೆವು. ಸರ್ವರು ಏಳಲೇ ಇಲ್ಲ. ಅಂಕಪಟ್ಟಿಯ ಅವಸರದಲ್ಲಿ ಅದನ್ನು ಅಳಿಸಿ ನಕ್ಷತ್ರ ಚಿಹ್ನೆಯನ್ನಿಟ್ಟೆವು. ಕೆಲಸವೇನೋ ನಡೆಯಿತು, ಆದರೆ ಯಂತ್ರದ ಎಲ್ಲ ವಿಳಾಸಗಳಲ್ಲಿಯೂ ಬಾಗಿಲು ತೆರೆಯಿತು. ಅತಿಥಿಗಳ ವೈಫೈ ಕಡೆಯ ಬಾಗಿಲೂ ಅವುಗಳಲ್ಲೊಂದಾಗಿತ್ತು. ಮಕ್ಕಳ ವಿವರಗಳು ಒಂದು ರಾತ್ರಿ ಹಾಗೆಯೇ ಇದ್ದವೆಂದು ತಿಳಿದಾಗ ನಮಗೆ ನಿದ್ರೆ ಬಾರದಾಯಿತು.

ತಿಳಿಯಬೇಕಾದುದು ಇಷ್ಟೆ. ಆ ಸಾಲಿನಲ್ಲಿ ಬರೆಯತಕ್ಕದ್ದು ಸರ್ವರಿನ ಸ್ವಂತ ವಿಳಾಸ, ಬರುವವರದಲ್ಲ. ಕಾವಲುಗಾರನು ಯಾವ ಬಾಗಿಲಲ್ಲಿ ನಿಲ್ಲಬೇಕೆಂಬುದನ್ನು ಅದು ಹೇಳುತ್ತದೆ. ಯಾರನ್ನು ಒಳಬಿಡಬೇಕೆಂಬ ಪಟ್ಟಿಯು 'ಪಿಜಿ ಎಚ್‌ಬಿಎ' ಎಂಬ ಬೇರೊಂದು ಕಡತದಲ್ಲಿದೆ. ಅಲ್ಲಿ 192.168.1.21/32 ಎಂದು ಬರೆದರೆ ಆ ವಿಳಾಸದ ಯಂತ್ರವೊಂದೇ ಎಂದರ್ಥ. ಪಟ್ಟಿಯನ್ನು ಮೇಲಿನಿಂದ ಓದಿ, ಮೊದಲು ಹೊಂದಿದ ಸಾಲನ್ನೇ ಸರ್ವರು ಅನುಸರಿಸುತ್ತದೆ. ಯಾವುದೂ ಹೊಂದದಿದ್ದರೆ ಒಳಬಿಡದು. ಗುಪ್ತಪದವನ್ನು ಕೇಳುವ ನಿಯಮವೂ ಅದೇ ಸಾಲಿನಲ್ಲಿರಬೇಕು. ಬಾಗಿಲನ್ನು ಬದಲಿಸಿದರೆ ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು. ಪಟ್ಟಿಯನ್ನು ಬದಲಿಸಿದರೆ ಮತ್ತೊಮ್ಮೆ ಓದಿಸಿದರೆ ಸಾಕು. ಸರ್ವರಿಗೆ ಸ್ಥಿರವಾದ ವಿಳಾಸವನ್ನು ಕೊಡಬೇಕು; ಅದು ಬದಲಾದರೆ ಕರೆಯುವವರಿಗೆ ಮನೆ ಸಿಕ್ಕದು.

ವಸತಿಗೃಹದ ಬಾಗಿಲಿಗೆ ನಾವು ಎಂದೂ ನಕ್ಷತ್ರವನ್ನಿಟ್ಟವರಲ್ಲ. ಬರುವವರ ಹೆಸರನ್ನು ಕೇಳಿಯೇ ತೆರೆದೆವು. ನೀವು ನಂಬಿ ಒಪ್ಪಿಸಿದ ವಿವರಗಳಿಗೂ ಅದೇ ಕಾವಲು ಸಲ್ಲತಕ್ಕದ್ದು. ಹಳೆಯ ವಿದ್ಯಾರ್ಥಿನಿಯರಲ್ಲಿ ಕಚೇರಿಗಳನ್ನು ನಡೆಸುವವರು ತಮ್ಮಲ್ಲಿ ಆ ಎರಡು ಕಡತಗಳನ್ನು ಒಮ್ಮೆ ತೆರೆದು ನೋಡಬೇಕೆಂದು ಪ್ರೀತಿಯಿಂದ ಬಿನ್ನವಿಸುತ್ತೇವೆ.